ಅಮ್ಮನ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು

ನಮ್ಮ ಮನೆಯಲ್ಲಿ ಜೀಪು ಓಡಿಸುತ್ತಿದ್ದವಳು ಅಮ್ಮ. ಅಪ್ಪನಿಗೆ ಒಂದು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮನೆ ಕಲ್ಯಾಣದುರ್ಗದಲ್ಲಿ, ಹೊಲ ಮಾತ್ರ ಕುಂದುರ್ಪಿಯ ಆಚೆ, ಒಂದು ಮರಳು ಹಳ್ಳ ದಾಟಿ. ಮದುವೆಯಾದ ಎರಡನೆಯ ವರ್ಷ ಅಪ್ಪ ಯಾರದೋ ಹಳೆಯ ಪೆಟ್ರೋಲ್ ಜೀಪೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟರಂತೆ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗಾಡಿ. ಒಂದು ವಾರದಲ್ಲಿ ಅಮ್ಮ ಕಲಿತಳು. ನಾನು ಹುಟ್ಟಿದ ದಿನವೂ ತಾನೇ ಓಡಿಸಿಕೊಂಡು ಆಸ್ಪತ್ರೆಗೆ ಹೋಗಿದ್ದೆ ಎಂದು ಅವಳು ಹೇಳುತ್ತಿದ್ದಳು. ಅಪ್ಪ ಇರುವ ತನಕ ಅದನ್ನು ಒಪ್ಪಲಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸೆಟ್ಟೂರಿನಿಂದ ಬರುವಾಗ ರೇಡಿಯೇಟರಿನ ಪೈಪು ಒಡೆಯಿತು. ನಾವು ಗಮನಿಸುವಷ್ಟರಲ್ಲಿ ಎಂಜಿನ್ ಕಾದು, ಪಕ್ಕದಲ್ಲಿ ಒಂದು ಗೇಣು ಉದ್ದ ಬಿರುಕು ಬಿಟ್ಟಿತ್ತು. ಕಲ್ಯಾಣದುರ್ಗದ ಮೆಕ್ಯಾನಿಕ್ಕುಗಳಿಬ್ಬರು ನೋಡಿದರು. ಇಬ್ಬರೂ ಗುಜರಿಗೆ ಹಾಕಿ ಎಂದರು. ಹೊಸ ಪಿಕಪ್ ತೆಗೆದುಕೊಳ್ಳೋಣ ಎಂದು ನನ್ನ ಗಂಡ ಹೇಳಿದರು. ಅಮ್ಮ ಮಾತ್ರ ಮಾರನೆಯ ಬೆಳಿಗ್ಗೆ ಬಕೆಟ್ಟು ಹಿಡಿದು ಜೀಪು ತೊಳೆಯುತ್ತಾ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಚಕ್ರದ ಸಂದಿಯ ಮಣ್ಣನ್ನೆಲ್ಲ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಳು.

ನನಗೆ ಕಡಲೇಕಾಯಿ ಸುಲಿಯುವ ಮಿಲ್ಲಿದೆ. ಮೋಟಾರು, ಬೆಲ್ಟು, ಬೇರಿಂಗು ನನಗೆ ಹೊಸದಲ್ಲ. ಆ ದಿನ ಮಧ್ಯಾಹ್ನ ಬಾನೆಟ್ ಎತ್ತಿ, ಗಾಡಿಯ ಕೆಳಗೂ ನುಸುಳಿ ನೋಡಿದೆ. ಎಂಜಿನ್ ಒಂದೇ ಸತ್ತಿತ್ತು, ಅಷ್ಟೇ. ಚಾಸಿ ಗಟ್ಟಿ, ಗೇರ್‌ಬಾಕ್ಸ್ ಗಟ್ಟಿ, ಮುಂದಿನ ಚಕ್ರಗಳಿಗೆ ಎಳೆತ ಒಯ್ಯುವ ಶಾಫ್ಟೂ ಚೆನ್ನಾಗಿಯೇ ಇತ್ತು. ಹಾಗಿದ್ದರೆ ಬೇರೆ ಎಂಜಿನ್ ಯಾಕೆ ಕೂರಿಸಬಾರದು? ಅದೂ ಡೀಸೆಲ್ ಎಂಜಿನ್? ಈ ಯೋಚನೆ ತಲೆಗೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮಿಲ್ಲಿಗೆ ಕಾಯಿ ತರುವ ಲಾರಿಯವರೊಬ್ಬರು ಹಿಂದೂಪುರದ ಮೇಸ್ತ್ರಿಯೊಬ್ಬರ ಬಗ್ಗೆ ಹೇಳಿದರು. ಫೋನು ಮಾಡಿದೆ. ಮೇಸ್ತ್ರಿ ಹೆಚ್ಚು ಮಾತಾಡಲಿಲ್ಲ. ಬಾನೆಟ್ಟಿನೊಳಗಿನ ಉದ್ದ, ಅಗಲ, ಆಳ ಅಳತೆ ಮಾಡಿ ಕಳಿಸಲು ಹೇಳಿದರು. ಕಳಿಸಿದೆ. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಪಲ್ಟಿ ಹೊಡೆದು ಮೈಯೆಲ್ಲ ಜಜ್ಜಿಹೋದ ಪಿಕಪ್ಪೊಂದರ ಎಂಜಿನ್ ಇದೆ, ಎಂಜಿನ್ನಿಗೆ ಒಂದು ಗೀರೂ ಬಿದ್ದಿಲ್ಲ, ಗಾಡಿ ತನ್ನಿ, ಚೂದ್ದಾಂ, ನೋಡೋಣ ಅಂದರು. ಎಂಜಿನ್ ಬದಲಾಯಿಸಲು ಸಾರಿಗೆ ಆಫೀಸಿನ ಒಪ್ಪಿಗೆ ಕಾಗದ ಮೊದಲು ಬೇಕು, ಇಲ್ಲದಿದ್ದರೆ ಬೋಲ್ಟು ಮುಟ್ಟುವುದಿಲ್ಲ ಎಂದೂ ಸೇರಿಸಿದರು. ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ಕಾಗದ ಕೈಗೆ ಬಂದ ವಾರ ಜೀಪನ್ನು ಲಾರಿಯ ಮೇಲೆ ಹತ್ತಿಸಿ ಹಿಂದೂಪುರಕ್ಕೆ ಹೊರಟೆವು. ಅಮ್ಮ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ದಾರಿಯುದ್ದಕ್ಕೂ ಹಿಂದಿನ ಕಿಟಕಿಯಿಂದ ಜೀಪನ್ನು ನೋಡುತ್ತಿದ್ದಳು.

ಮೇಸ್ತ್ರಿ ಅರವತ್ತರ ಹತ್ತಿರದವರು, ತೆಳ್ಳಗಿನ ಆಳು. ತೆಲುಗಿನಲ್ಲಿ ಶುರು ಮಾಡಿದ ಮಾತು ಕನ್ನಡದಲ್ಲಿ ಮುಗಿಸುವವರು. ಸರಪಳಿ ರಾಟೆಯಿಂದ ಹಳೆಯ ಎಂಜಿನ್ ಎತ್ತಿ ಹೊರಗಿಟ್ಟಾಗ ಜೀಪಿನ ಮೂತಿ ಒಂದಂಗುಲ ಮೇಲೆದ್ದಿತು. ಡೀಸೆಲ್ ಎಂಜಿನ್ನನ್ನು ಅದೇ ಜಾಗಕ್ಕೆ ಇಳಿಸುವಾಗ ನಾನು ಒಂದು ಕಡೆ, ಅಮ್ಮ ಇನ್ನೊಂದು ಕಡೆ ಬಗ್ಗಿ ನೋಡುತ್ತಿದ್ದೆವು. ಇಳಿಯಿತು, ಇಳಿಯಿತು, ಟಣ್ಣೆಂದು ನಿಂತಿತು. ಎಂಜಿನ್ನಿನ ಹೊಟ್ಟೆಯ ಕೆಳಗೆ ಆಯಿಲ್ ತುಂಬುವ ಚೇಂಬರ್ ಇರುತ್ತದೆ. ಅದು ಮುಂದಿನ ಎರಡು ಚಕ್ರ ಕೂಡಿಸುವ ಅಚ್ಚಿನ ನಡುವೆ, ಎಳೆತದ ಗೇರು ಕೂರುವ ಉಬ್ಬಿಗೆ ತಾಗಿತ್ತು. ಬರೀ ಹಿಂದಿನ ಚಕ್ರ ಎಳೆಯುವ ಗಾಡಿಯಾಗಿದ್ದರೆ ಆ ಉಬ್ಬೇ ಇರುತ್ತಿರಲಿಲ್ಲ. ಮುಂದಿನ ಎಳೆತ ಬಿಚ್ಚಿಹಾಕಿದರೆ ಒಂದು ದಿನದ ಕೆಲಸ ಎಂದರು ಮೇಸ್ತ್ರಿ.

"ಮುಂದ್ಲು ಎಳ್ತ ಬಿಚ್ಚಾಕಿದ್ರೆ ಇದು ಜೀಪೇ ಅಲ್ಲ ಕಣಪ್ಪ," ಎಂದಳು ಅಮ್ಮ.

ಮೇಸ್ತ್ರಿ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಚೇಂಬರ್ ಬಿಚ್ಚಿ ನೆಲದ ಮೇಲಿಟ್ಟು, ಸೀಮೆಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಮುಂದಿನ ಭಾಗ ಕತ್ತರಿಸಿ ತೆಳ್ಳಗೆ ಮಾಡಿ, ಕಡಿಮೆಯಾದ ಜಾಗವನ್ನು ಹಿಂದಕ್ಕೆ ಹೊಟ್ಟೆಯಂತೆ ಉಬ್ಬಿಸಿ ಬೆಸುಗೆ ಹಾಕುವುದು. ಆ ಗೆರೆ ಎಳೆಯುವಾಗ ಅವರ ಮುಖವೂ ಅರಳಿತ್ತು. ಸುಲಭದ ಕೆಲಸ ತಪ್ಪಿಹೋದದ್ದಕ್ಕೆ ಅವರಿಗೂ ಖುಷಿಯಾದಂತಿತ್ತು.

ಮುಂದಿನ ಮೂರು ವಾರ ನಾನು ಮಿಲ್ಲು ಗಂಡನ ಮೇಲೆ ಬಿಟ್ಟು, ದಿನ ಬಿಟ್ಟು ದಿನ ಹಿಂದೂಪುರಕ್ಕೆ ಓಡಾಡಿದೆ. ಅಮ್ಮ ಊರಿಗೇ ಬರಲಿಲ್ಲ. ಹಿಂದೂಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ತಿಂಡಿ ತಿಂದವಳೇ ಶೆಡ್ಡಿಗೆ ಹೋಗಿ ಕೂರುತ್ತಿದ್ದಳು. ಎಂಜಿನ್ ಕೂರುವ ಕಾಲುಗಳನ್ನು ದಪ್ಪ ತಗಡಿನಿಂದ ಹೊಸದಾಗಿ ಮಾಡಿದರು. ಡೀಸೆಲ್ ಎಂಜಿನ್ ಭಾರವೆಂದು ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದರು. ಟ್ಯಾಂಕಿಗೆ ಇನ್ನೊಂದು ಪೈಪು ಎಳೆದರು, ಉರಿಯದೆ ಉಳಿದ ಡೀಸೆಲ್ ವಾಪಸು ಬರಲು. ಎಲ್ಲಕ್ಕಿಂತ ಮುಖ್ಯವಾದದ್ದು ಹೊಸ ಎಂಜಿನ್ನನ್ನೂ ಹಳೆಯ ಗೇರ್‌ಬಾಕ್ಸನ್ನೂ ಜೋಡಿಸುವ ಪ್ಲೇಟು. ತಟ್ಟೆಯಗಲದ ದಪ್ಪ ಕಬ್ಬಿಣ, ನಡುವೆ ದೊಡ್ಡ ತೂತು, ಸುತ್ತ ಎರಡು ಸಾಲು ಬೋಲ್ಟಿನ ತೂತು. ಅದನ್ನು ಲೇತಿನಲ್ಲಿ ಕೊರೆಯುವಾಗ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಕಬ್ಬಿಣದ ಚೂರು ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು.

ಎಂಜಿನ್ ಮೊದಲ ಸಲ ಹತ್ತಿದ ದಿನ ನಾನು ಅಲ್ಲಿದ್ದೆ. ಮೇಸ್ತ್ರಿ ಡೀಸೆಲ್ ಪಂಪಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆದು ಕೀಲಿ ತಿರುಗಿಸಿದರು. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಬಿಳಿ ಹೊಗೆ ಉಗುಳಿ ಗಡಗಡನೆ ಹತ್ತಿಕೊಂಡಿತು. ಶೆಡ್ಡಿನ ತಗಡು ಅದುರಿತು. ಪಕ್ಕದ ಟಯರಿನಂಗಡಿಯವರು ಎದ್ದು ಬಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೊಗೆಯಿಂದ ಎಂದುಕೊಂಡೆ.

ಓಡಿಸಿ ನೋಡಲು ಅಮ್ಮನೇ ಕೂತಳು. ಪಕ್ಕದಲ್ಲಿ ಮೇಸ್ತ್ರಿ, ಹಿಂದೆ ನಾನು. ಊರ ಹೊರಗಿನ ರಸ್ತೆಯಲ್ಲಿ ಜೀಪು ಹಿಂದೆಂದೂ ಇಲ್ಲದ ಹಾಗೆ ನುಗ್ಗುತ್ತಿತ್ತು. ನಾನು ನಗುತ್ತಿದ್ದೆ, ಮೇಸ್ತ್ರಿಯೂ ನಗುತ್ತಿದ್ದರು. ಅಮ್ಮ ಮಾತ್ರ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದಳು.

"ಗೇರು ಲಿವರಿನೊಳಗೆ ಏನೋ ನಡುಗ್ತಾ ಐತೆ," ಎಂದಳು.

ಡೀಸೆಲ್ ಎಂದರೆ ಹಾಗೇ, ಪೆಟ್ರೋಲಿನಷ್ಟು ನಯ ಇರುವುದಿಲ್ಲ ಎಂದು ಮೇಸ್ತ್ರಿ ಸಮಾಧಾನ ಹೇಳಿದರು. ಟ್ರಾಕ್ಟರು ಓಡಿಸಿದವಳಿಗೆ ಡೀಸೆಲ್ ಗೊತ್ತಿಲ್ಲವೇ ಎಂದು ಅಮ್ಮ ಕೇಳಿದಳು. ಆಮೇಲೆ ಎಂಜಿನ್ ಓಡುತ್ತಿದ್ದಂತೆಯೇ ಗೇರು ತಪ್ಪಿಸಿ, ಮೇಸ್ತ್ರಿಯ ಕೈ ಹಿಡಿದು ಲಿವರಿನ ಮೇಲೆ ಇಟ್ಟಳು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಕೊಂಡಿ ತಪ್ಪಿಸುವ ಕ್ಲಚ್ ತುಳಿದಳು. ಬಿಟ್ಟಳು. ಮತ್ತೆ ತುಳಿದಳು, ಮತ್ತೆ ಬಿಟ್ಟಳು.

"ತುಳಿದ್ರೆ ನಿಲ್ತದೆ, ಬಿಟ್ರೆ ಬತ್ತದೆ. ಎಂಜಿನ್ದಾಗಿದ್ರೆ ತುಳಿದಾಗ್ಲೂ ಇರ್ಬೇಕಿತ್ತಲ್ಲಪ್ಪ."

ಮೇಸ್ತ್ರಿ ಕೈ ತೆಗೆಯಲಿಲ್ಲ. ಅವರ ಮುಖ ಬಿಗಿದುಕೊಂಡಿತು. ಗಾಡಿಯನ್ನು ಶೆಡ್ಡಿಗೆ ತಿರುಗಿಸಲು ಹೇಳಿದರು. ಕೋಪ ಬಂತೇನೋ ಎಂದು ನನಗೆ ಅಳುಕು. ನಾಲ್ವರು ಮೆಚ್ಚಿಕೊಂಡ ಕೆಲಸವನ್ನು ಮತ್ತೆ ಬಿಚ್ಚಬೇಕೆಂದರೆ ಯಾರಿಗೆ ಇಷ್ಟ? ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ ಗೇರ್‌ಬಾಕ್ಸ್ ನೆಲದ ಮೇಲಿತ್ತು. ಮೇಸ್ತ್ರಿ ಗಡಿಯಾರದಂಥ ಅಳತೆಯ ಸೂಜಿಯೊಂದನ್ನು ಎಂಜಿನ್ನಿನ ಹಿಂಬದಿಯ ದಪ್ಪ ಚಕ್ರವಾದ ಫ್ಲೈವೀಲಿಗೆ ಕಟ್ಟಿ, ಅದರ ಮೂತಿಯನ್ನು ಪ್ಲೇಟಿನ ನಡುವಿನ ತೂತಿಗೆ ತಾಗಿಸಿ, ಚಕ್ರ ಮೆಲ್ಲಗೆ ತಿರುಗಿಸುತ್ತಿದ್ದರು. ಒಂದು ಸುತ್ತಿನಲ್ಲಿ ಸೂಜಿ ಅತ್ತ ಹೋಗಿ ಇತ್ತ ಬಂತು. ತೂತು ನಡುವಿನಿಂದ ಕೂದಲೆಳೆಯಷ್ಟು ಸರಿದಿತ್ತು.

"ಅಮ್ಮಾ, ನೀವೇಳಿದ್ದೇ ನಿಜ," ಎಂದರು ಮೇಸ್ತ್ರಿ. "ಹತ್ತಾರು ಗಾಡಿ ಮಾಡಿವ್ನಿ ಅನ್ನೋ ಧೈರ್ಯದಾಗೆ ಸೂಜಿ ಇಟ್ಟು ನೋಡ್ದಲೇ ಕೂರಿಸ್ಬುಟ್ಟೆ. ಇನ್ನೊಂದು ಸಾವ್ರ ಮೈಲಿ ಓಡಿದ್ರೆ ಬೇರಿಂಗು ಪುಡಿಪುಡಿ ಆಯ್ತಿತ್ತು."

ಅಮ್ಮ ಹಿಗ್ಗಿದ್ದನ್ನು ತೋರಿಸಿಕೊಳ್ಳಲಿಲ್ಲ. ಟೀ ತರಿಸಲು ಹೇಳಿದಳು. ಹೊಸ ಪ್ಲೇಟು ಕೊರೆಯಲು ಎರಡು ದಿನ ಹಿಡಿಯಿತು. ಈ ಸಲ ಸೂಜಿ ಕದಲದೆ ನಿಂತದ್ದನ್ನು ಮೇಸ್ತ್ರಿ ಮೊದಲು ಅಮ್ಮನಿಗೆ ತೋರಿಸಿ, ಆಮೇಲೆ ಬೋಲ್ಟು ಬಿಗಿದರು.

ಮಡಕಶಿರಾ, ಪಾವಗಡ ಹಾದು ನಾವಿಬ್ಬರೇ ಮನೆ ಕಡೆ ಹೊರಟೆವು. ನಾನು ಸ್ವಲ್ಪ ಓಡಿಸುತ್ತೇನೆ ಎಂದು ಮೂರು ಸಲ ಕೇಳಿದೆ. ಅಮ್ಮನಿಗೆ ಕೇಳಿಸಲೇ ಇಲ್ಲ. ನೇರ ಮನೆಗೆ ಹೋಗುವ ಬದಲು ಕುಂದುರ್ಪಿ ಕಡೆ ತಿರುಗಿಸಿದಳು. ಮೂರು ದಿನದ ಹಿಂದೆ ಒಂದು ಮಳೆ ಬಿದ್ದು ಹಳ್ಳದ ಮರಳು ಒದ್ದೆಯಾಗಿತ್ತು. ಅದರ ನಡುವೆ ಕುರಿ ತುಂಬಿದ ಪಿಕಪ್ಪೊಂದು ಹಿಂದಿನ ಚಕ್ರ ಹೂತು ನಿಂತಿತ್ತು. ಸೆಟ್ಟೂರಿನ ಕುರಿಯವರಿಬ್ಬರು ಚಕ್ರದ ಕೆಳಗೆ ಕಲ್ಲು ಕೊಟ್ಟು ಸೋತಿದ್ದರು. ಬಿಸಿಲಿಗೆ ಕುರಿಗಳು ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವು.

ಅಮ್ಮ ಹಗ್ಗ ಕಟ್ಟಲು ಹೇಳಿ, ಸಣ್ಣ ಲಿವರ್ ಎಳೆದು ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟಳು. ಹಳೆಯ ಎಂಜಿನ್ ಆಗಿದ್ದರೆ ಇಲ್ಲಿ ಅರಚಾಡಿಸಬೇಕಿತ್ತು. ಇದು ದನಿ ಏರಿಸಲೇ ಇಲ್ಲ. ಗುಡುಗುಡು ಎನ್ನುತ್ತಾ, ನಾಲ್ಕೂ ಚಕ್ರ ಮರಳು ಕಚ್ಚಿ, ಹಗ್ಗ ಬಿಗಿದು ನಡುಗಿತು. ನಾನು ನೀರಿನ ಪಸೆಯಲ್ಲಿ ಬರಿಗಾಲಲ್ಲಿ ನಿಂತು ಉಸಿರು ಹಿಡಿದಿದ್ದೆ. ಪಿಕಪ್ಪು ಒಂದು ಮೊಳ ಸರಿಯಿತು. ಇನ್ನೊಂದು ಮೊಳ. ಆಮೇಲೆ ಒಮ್ಮೆಗೇ ಎದ್ದು ದಡಕ್ಕೆ ಬಂತು. ಕುರಿಯವರಲ್ಲಿ ದೊಡ್ಡವರು ಜೀಪಿನ ಹತ್ತಿರ ಬಂದು, ಒಳಗೆ ಬಗ್ಗಿ ನೋಡಿ, ಡ್ರೈವರು ಎಲ್ಲಿ ಎಂದು ಕೇಳಿದರು. ನಾನು ಅಮ್ಮನನ್ನು ತೋರಿಸಿದೆ. ಅವರು ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು.

ಆರ್‌ಸಿಯಲ್ಲಿ ಈಗ ಡೀಸೆಲ್ ಎಂದು ಅಚ್ಚಾಗಿದೆ. ತಪಾಸಣೆಗೆ ಹೋದ ದಿನ ಅಧಿಕಾರಿ ಎಂಜಿನ್ ನಂಬರು ನೋಡಲು ಬಗ್ಗಿದವರು, ಕತ್ತರಿಸಿ ಬೆಸೆದ ಚೇಂಬರನ್ನೇ ಬಹಳ ಹೊತ್ತು ನೋಡಿ, ಇದನ್ನು ಯಾರು ಮಾಡಿದರು ಎಂದು ವಿಚಾರಿಸಿದರು. ಹೋದ ತಿಂಗಳು ಮೇಸ್ತ್ರಿ ಫೋನು ಮಾಡಿದ್ದರು. ಶೆಡ್ಡಿಗೆ ಇನ್ನೊಂದು ಹಳೆಯ ಜೀಪು ಬಂದಿದೆಯಂತೆ, ಓಡಿಸಿ ನೋಡಲು ಅಮ್ಮ ಬರುತ್ತಾರೆಯೇ ಎಂದು ಕೇಳಿದರು. ನಾನು ಫೋನು ಅಮ್ಮನ ಕೈಗೆ ಕೊಡುವಷ್ಟರಲ್ಲಿ ಅವಳು ಚಪ್ಪಲಿ ಹುಡುಕುತ್ತಿದ್ದಳು.