ಹಾಡುವ ಪಟಗಳ ಅಂಗಡಿ

ದೊಡ್ಡೇರಿಯ ಓಬಳರಾಜು ಮದುವೆ ಮನೆಗೆ ಕ್ಯಾಮೆರಾ ಹೊತ್ತು ಹೋದರೆ ಅವನ ಕಣ್ಣು ಗಂಡುಹೆಣ್ಣಿನ ಮೇಲೆ ನಿಲ್ಲುತ್ತಿರಲಿಲ್ಲ, ಓಲಗದವರ ಕಡೆಗೇ ಹೊರಳುತ್ತಿತ್ತು. ಊದುವವನ ಉಬ್ಬಿದ ಕೆನ್ನೆ, ತತ್ವಪದ ಹಾಡುವವನ ಕತ್ತಿನ ನರ, ಎರಡು ಸಾಲಿನ ನಡುವೆ ಉಸಿರೆಳೆದುಕೊಳ್ಳುವ ಮುಖ. ಅದಕ್ಕಾಗಿಯೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ವರ್ಷಗಟ್ಟಲೆ ಬೈಕಿನಲ್ಲಿ ಅಲೆದ. ಫೋಟೋ ತೆಗೆಯುತ್ತ ಹಾಡನ್ನೂ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದ.

"ನನ್ ಮುಖ ಹೆಂಗದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ಲಾ" ಎಂದು ಪಾವಗಡ ಸೀಮೆಯ ತತ್ವಪದದ ಲಕ್ಷ್ಮಯ್ಯ ತನ್ನ ಪಟ ನೋಡಿ ನಕ್ಕಿದ್ದ.

ಆ ಲಕ್ಷ್ಮಯ್ಯ ತೀರಿಕೊಂಡ ಹೊತ್ತಿಗೆ ಪಟಕ್ಕೆ ಚಲನೆ ಕೊಡುವ, ರೆಕಾರ್ಡಾದ ದನಿಯಿಂದ ಹೊಸ ಮಾತು ಹುಟ್ಟಿಸುವ ಕಂಪ್ಯೂಟರ್ ವಿದ್ಯೆ ಓಬಳರಾಜುವಿಗೆ ಕೈಹತ್ತಿತ್ತು. ತಿಥಿಯ ದಿನ ಟೀವಿಯಲ್ಲಿ ಲಕ್ಷ್ಮಯ್ಯನ ಪಟ ತುಟಿ ಅಲ್ಲಾಡಿಸಿ ಹಾಡಿತು. ಲಕ್ಷ್ಮಯ್ಯನ ಹೆಂಡತಿ ದೊಡ್ಡಕ್ಕ ಟೀವಿಗೆ ಕೈಮುಗಿದಳು. ಆಮೇಲೆ ಅವಳದೇ ಬೇಡಿಕೆ: "ನಾಯನಾ, ಹೊಸ್ದಾಗಿ ಹುಟ್ಟಿರೋ ಮೊಮ್ಮಗೂನ ಒಂದ್ಸಲ ಹೆಸ್ರಿಡಿದು ಕರೀಲಿ." ತಾತ ಕಂಡೇ ಇರದ ಕೂಸಿನ ಹೆಸರನ್ನು ಓಬಳರಾಜು ಅವನ ದನಿಯಲ್ಲೇ ಹೇಳಿಸಿಕೊಟ್ಟ. ಪುಣ್ಯದ ಕೆಲಸ ಎಂದುಕೊಂಡ.

ಸುದ್ದಿ ಹಬ್ಬಿತು. ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಎದ್ದಿತು. ಅವನ ಹೆಂಡತಿ ಮಂಜುಳಾ ಗಲ್ಲಾದಲ್ಲಿ ಕೂತಳು. ಓಬಳರಾಜು ತನ್ನ ದನಿಯಲ್ಲೇ ಜಾಹೀರಾತು ಮಾಡಿ ಎಲ್ಲರ ಮೊಬೈಲಿಗೂ ಬಿಟ್ಟ. ಗೋಡೆಯ ತುಂಬ ಸತ್ತವರು ಹಾಡುತ್ತಿದ್ದರು. ಒಂದೊಂದು ಸಲ ಶಟರ್ ಎಳೆಯುವಾಗ ಅವನೇ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಒಂದು ದಿನ ಲಕ್ಷ್ಮಯ್ಯನ ಮಗ ಅಂಬರೀಶ್ ಬಂದ. ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಅಪ್ಪನ ಜಮೀನಿನಲ್ಲಿ ಅಕ್ಕ ವೇದಾವತಿ ಪಾಲು ಕೇಳಿದ್ದಳು.

"ಅಣ್ಣ, ಜಮೀನು ಅಂಬರೀಶಂಗೇ ಅಂತ ಅಪ್ಪನ ಬಾಯಲ್ಲಿ ಒಂದ್ ಮಾತು ಹೇಳ್ಸು."

"ಸತ್ತೋರ ಬಾಯಿಗೆ ನಮ್ ಮಾತು ತುರುಕ್ಬಾರ್ದು ಕಣಪ್ಪ."

"ಅಪ್ಪನ ಬಾಯಲ್ಲಿ ಮಗೂನ ಕರೆಸ್ದಾಗ ಇದು ಗೊತ್ತಿರ್ಲಿಲ್ವಾ?" ಅಂಬರೀಶ್ ಸಿಟ್ಟಾಗಲಿಲ್ಲ. ಗೋಡೆಯ ಮೇಲಿನ ಮುಖಗಳನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿ ಹೊರಟುಹೋದ.

ಅದಾದ ವಾರದಲ್ಲಿ ಓಬಳರಾಜು ಪಟ್ಟನಾಯಕನಹಳ್ಳಿಗೆ ಭಜನೆಯ ಫೋಟೋ ತೆಗೆಯಲು ಹೋಗಿದ್ದ. ವಾಪಸು ಬಂದಾಗ ಮಂಜುಳಾ ಕೇಳಿದಳು, "ಹಾರ್ಡ್ ಡಿಸ್ಕ್ ತಲುಪ್ತೇನ್ರೀ?"

"ಯಾವ್ ಹಾರ್ಡ್ ಡಿಸ್ಕು?"

"ನೀವೇ ಬೇರೆ ನಂಬರಿಂದ ಫೋನ್ ಮಾಡಿ, ಬೈಕಲ್ಲಿ ಬರೋನ ಕೈಲಿ ಕೊಟ್ಬುಡು ಅಂದ್ರಲ್ಲ?"

ಅವನು ಫೋನೇ ಮಾಡಿರಲಿಲ್ಲ. ದನಿ ಮಾತ್ರ ಅವನದೇ, ನಡುವೆ ಕೆಮ್ಮುವ ಚಾಳಿಯೂ ಅವನದೇ ಎಂದು ಮಂಜುಳಾ ಆಣೆ ಮಾಡಿದಳು. ಮೊಬೈಲಿಗೆ ಬಿಟ್ಟಿದ್ದ ಜಾಹೀರಾತಿನಿಂದಲೇ ಯಾರೋ ಅವನ ದನಿ ಕದ್ದಿದ್ದರು. ವರ್ಷಗಳ ಮುಖಗಳು, ದನಿಗಳು, ಎಲ್ಲ ಹೋಗಿದ್ದವು. ಪೊಲೀಸರು ದೂರು ತೆಗೆದುಕೊಂಡರು. ಏನೂ ಪತ್ತೆಯಾಗಲಿಲ್ಲ.

ಸ್ವಲ್ಪ ದಿನಕ್ಕೆ ಲಕ್ಷ್ಮಯ್ಯ ಊರಿನ ಮೊಬೈಲುಗಳಲ್ಲೆಲ್ಲ ಕಾಣಿಸಿಕೊಂಡ. "ವೇದಾವತಿಗೆ ಕೊಡೋದೆಲ್ಲ ಕೊಟ್ಟಾಯ್ತು. ಜಮೀನು ಅಂಬರೀಶಂದು" ಎಂದ. ಮೂಲೆಯಲ್ಲಿ ಓಬಳರಾಜುವಿನ ಅಂಗಡಿಯ ಹೆಸರಿತ್ತು.

ವೇದಾವತಿ ಅಂಗಡಿಗೆ ಬಂದು ಅಳಲೂ ಇಲ್ಲ, ಬೈಯಲೂ ಇಲ್ಲ. "ಬಂದು ನಮ್ಮವ್ವಂಗೆ ನಿಜ ಹೇಳಣ್ಣ" ಎಂದಳಷ್ಟೇ. ಓಬಳರಾಜು ಅವಳ ಜೊತೆಗೇ ಹೊರಟ. ಜಗಲಿಯಲ್ಲಿ ದೊಡ್ಡಕ್ಕ ಮೊಬೈಲನ್ನು ಎದೆಗವಚಿ ಕೂತಿದ್ದಳು.

"ಅದು ಲಕ್ಷ್ಮಯ್ಯ ಆಡಿದ ಮಾತಲ್ಲ ಕಣಮ್ಮ. ಮಿಷಿನ್ನು ಆಡಿದ್ದು. ಮೊಮ್ಮಗೂನ ಕರೆದದ್ದೂ ಅಂಗೇ, ನಾನೇ ಮಾಡಿದ್ದು."

ದೊಡ್ಡಕ್ಕ ಮೊಬೈಲನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. "ಮಗೂನ ಕರೆದದ್ದೂ ಸುಳ್ಳಾ? ಏಳ್ಲಾ ಮೇಲೆ! ನನ್ ಗಂಡನ ದನಿ ನಂಗೊತ್ತಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಅಂಬರೀಶ್ ತಾಯಿಯ ಪಕ್ಕಕ್ಕೆ ಬಂದು ಕೂತ. ಅವನು ಬಾಯಿಬಿಡುವ ಅಗತ್ಯವೇ ಇರಲಿಲ್ಲ. ಊರ ಹಿರಿಯರು ಕೂಡಿ ತಂದೆಯ ಮಾತು ಮೀರಬೇಡ ಎಂದರು, ತಾಯಿ ಉಣ್ಣದೆ ಹಟ ಹಿಡಿದಳು. ವೇದಾವತಿ ಹಕ್ಕು ಬಿಟ್ಟು ಸಹಿ ಹಾಕಿದಳು.

ಓಬಳರಾಜು ಅಂಗಡಿ ಮುಚ್ಚಿದ. ಆದರೂ ಅವನ ಅಂಗಡಿಯ ಹೆಸರು ಹೊತ್ತು ಅವನು ಮಾಡದ ಪಟಗಳು ಬರುತ್ತಲೇ ಇವೆ. ಇವತ್ತು ಕೊರಟಗೆರೆಯ ಯಾರೋ, ನಾಳೆ ಶಿರಾದ ಇನ್ಯಾರೋ ಬಾಯಿ ತೆರೆಯುತ್ತಾರೆ. ಅವನೀಗ ಇನ್ಯಾರದೋ ಸ್ಟುಡಿಯೋದಲ್ಲಿ ಬರೀ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಾನೆ. ಬರುವುದು ತಡವಾಗುತ್ತದೆ ಎಂದು ಅವನು ಫೋನು ಮಾಡಿದರೆ ಮಂಜುಳಾ ಪೂರ್ತಿ ಕೇಳಿಸಿಕೊಂಡು, ದನಿ ಅವನದೇ ಆದರೂ ನಂಬದೆ ಫೋನಿಟ್ಟು, ಬಾಗಿಲ ಚಿಲಕ ಹಾಕಿಕೊಳ್ಳುತ್ತಾಳೆ.