ಹಸ್ತಿ ಮಳೆಯ ಸೂತ್ರ

ಒಂದೇ ಸಾಲಿನ ಸೂತ್ರಕ್ಕೆ ಹತ್ತು ತಿಂಗಳು ತಲೆ ಕೆಡಿಸಿಕೊಂಡವಳು ನಾನು. ಯಲಬುರ್ಗಾ ಸುತ್ತಲಿನ ಬಿಳಿಜೋಳ ಎಷ್ಟು ಬರುತ್ತದೆಂದು ಕೊಯ್ಲಿಗೆ ಮೊದಲೇ ಅಂದಾಜು ಮಾಡುವುದು ನನ್ನ ಸಂಶೋಧನೆ. ಕಂಪ್ಯೂಟರಿನಲ್ಲಿ ‘ಇಳುವರಿ ~ ಮಳೆ + ಮಣ್ಣು’ ಎಂದು ಬರೆಯುತ್ತಿದ್ದೆ. ನಡುವಿನ ಅಲೆಗೆರೆಯ ಎಡಕ್ಕೆ ತಿಳಿಯಬೇಕಾದದ್ದು, ಬಲಕ್ಕೆ ಅದನ್ನು ತಿಳಿಸುವ ಸಂಗತಿಗಳು. ಉಳಿದ ಲೆಕ್ಕ ತಂತ್ರಾಂಶದ್ದು. ಉತ್ತರ ಮಾತ್ರ ಎಕರೆಗೆ ಒಂದು ಚೀಲದಿಂದ ಎಂಟು ಚೀಲದವರೆಗೂ ಹರಡಿಕೊಂಡು ಬರುತ್ತಿತ್ತು.

“ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ” ಎಂದು ನನ್ನ ಮಾರ್ಗದರ್ಶಕರು ಮೂಗು ಮುರಿದರು. ಈ ಸಲದ ಕೊಯ್ಲಿಗೂ ಅಂದಾಜು ತಾಳೆಯಾಗದಿದ್ದರೆ ಆ ಅಧ್ಯಾಯವನ್ನೇ ಕೈಬಿಡಬೇಕೆಂದರು. ಅದನ್ನು ಬಿಟ್ಟರೆ ನನ್ನ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ.

ಮೋರೆ ಇಳಿಬಿಟ್ಟುಕೊಂಡು ಮನೆಗೆ ಬಂದೆ. ಅವ್ವ ಮೂವತ್ತು ವರ್ಷದಿಂದ ಕಂಡವರ ಹೊಲದಲ್ಲಿ ಕೂಲಿಗೆ ಜೋಳ ಕೊಯ್ಯುತ್ತ ಬಂದವಳು. ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

“ಮಳಿ ಅಂದ್ರ ಯಾವ ಮಳಿ?”

“ವರ್ಷದ್ದು ಪೂರ್ತಿ ಕೂಡಿಸೀನಿ.”

ಅವಳ ಕೈ ನಿಂತಿತು. “ರೋಹಿಣಿ ಮಳಿಗೆ ಯಾರರ ಬಿಳಿಜೋಳ ಬಿತ್ಯಾರೇನು? ಹಸ್ತಿ ಮಳಿ ನೋಡಬೇಕು. ಎರಿ ಹೊಲ ಆದ್ರ ಅದನ್ನ ಕುಡದು ಇಟ್ಗೊಂತೈತಿ. ಮಡ್ಡಿಗೆ ಬಿದ್ರ ನಾಕ್ ದಿನದಾಗ ಆರಿ ಹೋಗ್ತೈತಿ.”

ನಾಚಿಕೆಯಾಯಿತು. ನಾನು ಲೆಕ್ಕಕ್ಕೆ ಬಳಸುವ ಬೇಸಿಯನ್ ಪದ್ಧತಿಯಲ್ಲಿ ಅಂಕಿಗಳನ್ನು ನೋಡುವ ಮೊದಲು ನಮಗೇನು ಗೊತ್ತು ಎಂಬುದನ್ನೂ ಬರೆಯಬೇಕು. ನಾನು ಅಲ್ಲಿ ಏನೂ ಗೊತ್ತಿಲ್ಲವೆಂದು ಬರೆದಿದ್ದೆ, ಅವ್ವನನ್ನು ಮನೆಯಲ್ಲೇ ಇಟ್ಟುಕೊಂಡು!

ಪಂಚಾಂಗ ತೆಗೆದು ಹಸ್ತ ನಕ್ಷತ್ರದ ದಿನಗಳ ಮಳೆಯನ್ನಷ್ಟೇ ಆರಿಸಿದೆ. ಕೂಡುವ ಗುರುತು ಅಳಿಸಿ ಗುಣಿಸುವ ಗುರುತು ಹಾಕಿದೆ. ಅದೇ ಮಳೆಯ ಫಲ ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ ಎಂದು ತಂತ್ರಾಂಶಕ್ಕೆ ತಿಳಿಸುವ ರೀತಿ ಅದು. ಮೊದಲೇ ಗೊತ್ತಿರುವುದರ ಜಾಗದಲ್ಲಿ, ಅಂದರೆ ಮುನ್ನಂಬಿಕೆಯಾಗಿ, ಅವ್ವನ ಮಾತನ್ನಿಟ್ಟೆ: ಕಪ್ಪು ಎರೆಮಣ್ಣಿಗೆ ಹೆಚ್ಚು, ಗರಸು ಮಡ್ಡಿಗೆ ಕಡಿಮೆ. ಎರೆ ಹೊಲದ ಅಂದಾಜು ನಾಲ್ಕೈದು ಚೀಲಕ್ಕೆ, ಮಡ್ಡಿಯದು ಒಂದೆರಡಕ್ಕೆ ಬಂದು ನಿಂತಿತು. ಕೊಯ್ಲಿಗೆ ಮೊದಲೇ ಅದನ್ನು ಲಕೋಟೆಯಲ್ಲಿ ಮುಚ್ಚಿ ಮಾರ್ಗದರ್ಶಕರಿಗೆ ಕೊಟ್ಟೆ.

ಸುಗ್ಗಿಯಲ್ಲಿ ಹೊಲಹೊಲಕ್ಕೂ ಹೋಗಿ ತೂಗಿಸಿದೆ. ಒಂದು ಹೊಲ ಬಿಟ್ಟು ಎಲ್ಲವೂ ಲಕೋಟೆಯ ಅಂದಾಜಿನೊಳಗೇ ಬಂದವು. ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಈ ಮುನ್ನಂಬಿಕೆಗೆ ಆಧಾರವೇನು? ಮೂಲ ನಮೂದಿಸಿ” ಎಂದರು ಮಾರ್ಗದರ್ಶಕರು. ಬರೆದೆ: ‘ಕೃಷಿ ಕೂಲಿ ಕಾರ್ಮಿಕ ಮಹಿಳೆ, ಮೂವತ್ತು ಸುಗ್ಗಿಗಳ ಅನುಭವ.’ ಎರಡು ಸಲ ಓದಿ ಸಹಿ ಹಾಕಿದರು.

ಆ ಹಾಳೆಯನ್ನು ಅವ್ವನಿಗೆ ತೋರಿಸಿದೆ. ಅವಳಿಗೆ ಓದಲು ಬಾರದು. ತನ್ನ ಸಾಲು ಯಾವುದೆಂದು ಕೇಳಿ ಅದರ ಮೇಲೆ ಬೆರಳಿಟ್ಟಳು.

“ಹಂಗಾರ ಮುಂದಿನ ಸಲ ನಿಮ್ಮ ಸಾಹೇಬ್ರು ನನ್ನ ಕೇಳೇ ಬರೀತಾರೇನು?”

“ಬರೀಬೇಕಬೇ, ಸಹಿ ಮಾಡ್ಯಾರ” ಅಂದೆ.