ಚೀಲ ಕೈ ಬದಲಾಗುವ ಹೊತ್ತು

ಮಧ್ಯಾಹ್ನ ಕೌಲ್ ಬಜಾರಿನಲ್ಲಿ ನಡೆಯುವಾಗ ನಾನು ಇವತ್ತಿಗೂ ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಡುತ್ತೇನೆ. ಮನೆಯವಳು ಇದನ್ನು ಗಾಳಿ ಸೋಕಿದ್ದು ಎನ್ನುತ್ತಾಳೆ. ಮಠದಿಂದ ಮಂತ್ರಾಕ್ಷತೆ ತರಿಸಿ ತಲೆಗೆ ಹಾಕಿಯೂ ನೋಡಿದಳು. ಸೋಕಿದ್ದೇನೋ ನಿಜ. ಆದರೆ ಸೋಕಿದ್ದು ಗಾಳಿಯಲ್ಲ, ನಮ್ಮ ಕಚೇರಿ.

ಆಗ ನಾನು ಬಳ್ಳಾರಿಯ ಟಪಾಲು ಕಚೇರಿಯಲ್ಲಿ ಗುಮಾಸ್ತ. ಸಿರುಗುಪ್ಪದ ಟಪಾಲು ಓಟದಾಳುಗಳ ಹೆಗಲ ಮೇಲೆ ಹೋಗುತ್ತಿತ್ತು. ಒಬ್ಬ ಒಂದಷ್ಟು ದೂರ ಓಡಿ ಚೀಲವನ್ನು ಮುಂದಿನವನಿಗೆ ಕೊಡಬೇಕು. ಕುರುಗೋಡಿನಲ್ಲಿ ಚೀಲ ಕೈ ಬದಲಾಗುವುದನ್ನು ನಾನು ಆ ಕಡೆ ಹೋದಾಗಲೆಲ್ಲ ನಿಂತು ನೋಡಿದ್ದೇನೆ. ಬಳ್ಳಾರಿ ಕಡೆಯಿಂದ ತರುವವನು ನಿಲ್ಲುತ್ತಿರಲಿಲ್ಲ. ಸಿರುಗುಪ್ಪದ ಕಡೆಗೆ ಒಯ್ಯುವವನು ಇವನ ಕೈಯ ಗೆಜ್ಜೆಗೋಲಿನ ಸದ್ದು ಕೇಳಿ ಎದ್ದು ನಿಂತಿದ್ದು, ಇವನು ಪಕ್ಕಕ್ಕೆ ಬಂದೊಡನೆ ತಾನೂ ಓಟ ಹಿಡಿಯುತ್ತಿದ್ದ. ಮೈಲಿಗಲ್ಲಿನಿಂದ ಹುಣಸೆಮರದವರೆಗೆ ಇಬ್ಬರೂ ಜೊತೆಯಾಗಿ ಓಡಬೇಕು; ಓಡುತ್ತಲೇ ಚೀಲ ಈ ಹೆಗಲಿನಿಂದ ಆ ಹೆಗಲಿಗೆ ದಾಟಬೇಕು. ಚೀಲ ನೆಲ ಮುಟ್ಟಬಾರದು. ಚೀಲ ಹೆಗಲಿಗೆ ಬಾರದೆ ಒಯ್ಯುವವನು ಮುಂದೆ ಹೋಗಬಾರದು. ಇದನ್ನು ಯಾವ ಕಚೇರಿಯೂ ಕಲಿಸಿದ್ದಲ್ಲ. ಅವರ ಅಪ್ಪಂದಿರ ಕಾಲದಿಂದ ಬಂದದ್ದು.

ಅವರಿಬ್ಬರ ಮಾತುಕತೆಯೆಲ್ಲ ಆ ಜೊತೆಯೋಟದಲ್ಲೇ. ತರುವವನ ಮಗಳ ಮದುವೆ, ಒಯ್ಯುವವನ ಹೆಂಡತಿಯ ಕಾಯಿಲೆ, ಕೆಂಚನಗುಡ್ಡದಲ್ಲಿ ಹೊಳೆ ಏರಿದ್ದು, ಎಲ್ಲ ಏದುಸಿರಿನ ನಡುವೆ. ಹುಣಸೆಮರ ಬಂತೆಂದರೆ ಉಳಿದ ಮಾತು ಮರುದಿನಕ್ಕೆ. ತಲೆ ನರೆತರೂ ಅವರು ಒಂದು ದಿನವೂ ಎದುರುಬದುರು ಕೂತವರಲ್ಲ.

ಆದವಾನಿ ಕಡೆಯಿಂದ ಹೊಸದಾಗಿ ಬಂದ ಸಾಹೇಬರು ಓಟ ನಿಲ್ಲಿಸಿ ಕುದುರೆ ಜಟಕಾ ಹಾಕಿಸಿದರು. ಅವರನ್ನು ಬೈದುಬಿಡುವುದು ಸುಲಭ. ಬೈಯಲು ನನಗೂ ಬಾಯಿದೆ. ಆದರೆ ಅವರು ಕೆಟ್ಟವರಲ್ಲ, ನನ್ನ ಸಂಕಟವೇ ಅದು. ಒಬ್ಬನ ಅನ್ನವೂ ಹೋಗಬಾರದು ಎಂದು ಹಟ ಹಿಡಿದರು. ಆಳುಗಳನ್ನೆಲ್ಲ ಕರೆಸಿ, ಜಮಖಾನದ ಮೇಲೆ ಕೂರಿಸಿ, ಒಬ್ಬೊಬ್ಬರನ್ನೂ ಕೇಳಿದರು.

“ನಿಮಗ ಏನು ಬೇಕೋ ಬಾಯಿಬಿಟ್ಟು ಹೇಳ್ರಿ. ನಿಮ್ಮನ್ನ ಬಿಟ್ಟು ನಾ ಏನೂ ಬದಲ್ ಮಾಡಂಗಿಲ್ಲ.”

ಕೂತವರು ಯಾರೂ ತುಟಿ ಬಿಚ್ಚಲಿಲ್ಲ. ಸಾಹೇಬರು ಅದನ್ನು ಒಪ್ಪಿಗೆ ಎಂದುಕೊಂಡರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ತರುವವನೂ ಒಯ್ಯುವವನೂ ನಮ್ಮ ಕಚೇರಿಯ ಜವಾನರಾದರು. ಇಬ್ಬರಿಗೂ ಒಂದೇ ಬೆಂಚು. ಕೂತರೆ ಮಾತೇ ಇಲ್ಲ, ಹೊಸ ಬೀಗರ ಹಾಗೆ ಮುಖ ತಪ್ಪಿಸಿ ರಸ್ತೆ ನೋಡುವುದು. ಆದರೆ ಕುರುಗೋಡಿನಲ್ಲಿ ಚೀಲ ಕೈ ಬದಲಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಇಬ್ಬರೂ ಎದ್ದು, ಆವರಣದ ಗೋಡೆಯ ಉದ್ದಕ್ಕೂ ಜೊತೆಯಾಗಿ ಬಿರಬಿರನೆ ನಡೆಯುವರು. ಆಗ ಮಾತೇ ಮಾತು. ಗೋಡೆ ಮುಗಿದರೆ ಬಾಯಿ ಬಂದ್, ಮತ್ತೆ ಬೆಂಚು. ಗುಮಾಸ್ತರೆಲ್ಲ ನಗುತ್ತಿದ್ದರು. ನನಗೆ ಮಾತ್ರ ದಿನವೂ ಆ ಹೊತ್ತಿಗೆ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಬಂದುಬಿಡುತ್ತಿತ್ತು.

ಇದು ಸಾಹೇಬರ ಕಣ್ಣಿಗೂ ಬಿತ್ತು. ಜೊತೆಗಿರುವ ತನಕ ಇವರು ಹಳೆಯದನ್ನು ಬಿಡುವುದಿಲ್ಲ ಎಂದು ಅವರ ಲೆಕ್ಕ. ಒಯ್ಯುವವನನ್ನು ಅವನ ಊರಿಗೆ ಹತ್ತಿರವೆಂದು ಸಿರುಗುಪ್ಪಕ್ಕೆ ಹಾಕಿದರು; ಅದನ್ನೂ ಉಪಕಾರವೆಂದೇ ಮಾಡಿದರು. ನನಗೆ ತಡೆಯಲಾಗದ ಸಿಟ್ಟು ಬಂತು.

“ಸಾಹೇಬ್ರ, ಅವ್ರನ್ನ ಅಗಲಿಸಬ್ಯಾಡ್ರಿ. ಅವ್ರು ನಾಕ್ ಹೆಜ್ಜಿ ನಡದ್ರ ಕಚೇರಿಗೆ ಏನ್ ಕೇಡೈತಿ?” ಎಂದೆ.

“ಕೇಡಿಲ್ಲ ರಾಯರ. ಆದ್ರ ಇಬ್ರೂ ಇನ್ನೂ ಆ ದಾರ್ಯಾಗ ಅದಾರ. ಇಲ್ಲಿಗೆ ಬರಬೇಕಲ್ಲ?”

ಮಾತು ಮೆತ್ತಗಿತ್ತು. ಆಜ್ಞೆಗೆ ಸಹಿ ಆಗಿಹೋಗಿತ್ತು.

ಅಲ್ಲಿಂದ ಮುಂದೆ ತರುವವನೊಬ್ಬನೇ ಎದ್ದು ನಡೆಯತೊಡಗಿದ. ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಆ ಕಡೆಯ ಹೆಗಲು ತಗ್ಗಿಸಿ, ಮಾತಾಡುತ್ತಾ. ನಡುನಡುವೆ ಸುಮ್ಮನಾಗಿ, ಉತ್ತರ ಕೇಳಿಸಿಕೊಂಡವನಂತೆ ತಲೆಯಾಡಿಸುವನು. ಗುಮಾಸ್ತರು ನಗುವುದನ್ನು ಬಿಟ್ಟರು. ಆ ಹೊತ್ತಿನಲ್ಲಿ ಗೋಡೆಯ ಕಡೆ ಹೋಗುವವರೇ ಇರಲಿಲ್ಲ. ಒಂದು ದಿನ ಕಿಟಕಿಯಲ್ಲಿ ನಿಂತ ನನಗೆ ಇಬ್ಬರ ಹೆಜ್ಜೆಯ ಸದ್ದು ಕೇಳಿಸಿತು. ಬಳ್ಳಾರಿ ಬಿಸಿಲಿಗೆ ಕಿವಿ ಏನೇನೋ ಹೇಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಚಳಿಗಾಲ ಮುಗಿಯುವಾಗ ಜಟಕಾದವನು ಸಿರುಗುಪ್ಪದಿಂದ ಸುದ್ದಿ ತಂದ. ಒಯ್ಯುವವನು ಅಲ್ಲಿಯ ಕಚೇರಿಯ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದ. ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಅವಂಗ ನೀವೇ ಹೇಳ್ರಿ ರಾಯರ. ನನ್ ಕೈಲಿ ಆಗಂಗಿಲ್ಲ.”

ತರುವವನ ಬೆಂಚಿನ ಹತ್ತಿರ ಹೋದೆ. ಕೂತವನಿಗೆ ಹೇಳಲು ನಾಲಗೆ ಏಳಲಿಲ್ಲ. ಅವನು ನಡೆಯುವ ಹೊತ್ತಿಗಾಗಿ ಕಾದೆ. ಅವನು ಎದ್ದಾಗ, ಅವನು ಖಾಲಿ ಬಿಟ್ಟ ಎಡಗಡೆಗೆ ನಾನು ಹೋಗಿ ಸೇರಿಕೊಂಡೆ. ಅವನ ನಡಿಗೆಯೇ ನನಗೆ ಓಟ. ಗೋಡೆಯ ಅರ್ಧಕ್ಕೆ ಬಂದಾಗ ಏದುಸಿರಿನಲ್ಲೇ ಹೇಳಿದೆ.

ಅವನು ನಿಲ್ಲಲಿಲ್ಲ. ಗೋಡೆ ಮುಗಿಯುವವರೆಗೂ ನಡೆದ. ಆಮೇಲೆ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡ.

“ಚೀಲ ಇನ್ನೂ ನನ್ ಹೆಗಲ ಮ್ಯಾಲೇ ಐತ್ರಿ ರಾಯರ. ತಗೊಳ್ಳದಂಗ ಅವ ಹೆಂಗ ಹೊಂಟ?”

ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಹೆಗಲು ಒಡ್ಡಿದ್ದೆ. ಅವನು ಬರಿಗೈಯಿಂದಲೇ ಆ ಚೀಲವನ್ನು ಜೋಪಾನವಾಗಿ ಎತ್ತಿ ನನ್ನ ಹೆಗಲಿಗೆ ದಾಟಿಸಿ, ಹಿಂದಿರುಗಿ ಹೋಗಿ ಬೆಂಚಿನ ಮೇಲೆ ಕೂತ. ಆ ದಿನದ ನಂತರ ಅವನು ಗೋಡೆಯ ಕಡೆ ಬರಲಿಲ್ಲ. ಅಂದಿನಿಂದ ನಡೆಯುವುದು ನನ್ನ ಪಾಲಿಗೆ ಬಂದಿದೆ.